ಕೊಕ್ಕರೆಗೆ ಚುಚ್ಚಿದ ಸೂಜಿ

ಫೋಟೊ ತೆಗೆದಾದ ಮೇಲೆ ಬಿಳಿ ಅಂಗಿ ಬಿಚ್ಚಿ ಕೊಡು ಎಂದರು. ಡ್ರಮ್ಮಕ್ಕ ಕೊಡಲಿಲ್ಲ. ಗಲಾಟೆ ಶುರುವಾದದ್ದೇ ಅಲ್ಲಿಂದ.

ಅದು ಮಾಮೂಲಿ ಅಂಗಿಯಲ್ಲ. ತಲೆಯ ಮುಸುಕಿನಿಂದ ಕಾಲಿನ ಗಿಣ್ಣಿನವರೆಗೆ ಒಂದೇ ಹೊಲಿಗೆ. ಎದೆಯ ಮೇಲೆ ಉದ್ದ ಜಿಪ್ಪು. ಜೊತೆಗೆ ಮೊಣಕೈವರೆಗೆ ಬರುವ ಗ್ಲೌಸು, ಮೂಗಿಗೆ ಹಂದಿಮೂತಿಯಂಥ ಮಾಸ್ಕು. ಮಗಳು ಹೊಟ್ಟೆಯಲ್ಲಿದ್ದಾಗಿನಿಂದ ಆ ಯಾರ್ಡಿನಲ್ಲಿ ಡ್ರಮ್ಮು ತೊಳೆದವಳಿಗೆ ಯಾರೂ ಒಂದು ಜೊತೆ ಚಪ್ಪಲಿ ಕೊಡಿಸಿದವರಲ್ಲ. ಈಗ ಒಂದೇ ಏಟಿಗೆ ಅಡಿಯಿಂದ ಮುಡಿಯವರೆಗೆ ಸಿಂಗಾರ. ಮದುವೆಯ ದಿನವೂ ಅವಳ ಮೈಮೇಲೆ ಅಷ್ಟು ಹೊಸ ಬಟ್ಟೆ ಬಿದ್ದಿರಲಿಲ್ಲ.

ಯಾರ್ಡು ಎಂದರೆ ಹಳೇ ಟ್ರಾನ್ಸ್‌ಫಾರ್ಮರುಗಳ ಸುಡುಗಾಡು. ಕರೆಂಟು ಕಂಬಗಳ ಮೇಲೆ ಆಯಸ್ಸು ಮುಗಿಸಿದವು ಲಾರಿಯಲ್ಲಿ ಬಂದು ಅಲ್ಲಿ ಬೀಳುತ್ತಿದ್ದವು. ಗಂಡಸರು ಬೋಲ್ಟು ಬಿಚ್ಚಿ, ಒಳಗಿನ ಎಣ್ಣೆಯನ್ನು ಡ್ರಮ್ಮಿಗೆ ಬಸಿದು, ತಾಮ್ರದ ಸುರುಳಿಯನ್ನು ಕರುಳು ಎಳೆದಂತೆ ಎಳೆಯುತ್ತಿದ್ದರು. ತಾಮ್ರ ಮಾಲೀಕನಿಗೆ. ಕಬ್ಬಿಣ ಕುಲುಮೆಗೆ. ಎಣ್ಣೆ ಕೊಳ್ಳುವವರಿಗೆ. ವಾಸನೆ ಕೂಲಿಯವರಿಗೆ. ಹಂಚಿಕೆಯಲ್ಲಿ ಯಾರಿಗೂ ಅನ್ಯಾಯ ಆಗಬಾರದು ನೋಡಿ.

ಎಣ್ಣೆ ಮಾರಿದ ಮೇಲೆ ಖಾಲಿ ಡ್ರಮ್ಮುಗಳು ವಾಪಸು ಬರುತ್ತಿದ್ದವು. ಅವನ್ನು ತೊಳೆಯುವುದು ಹೆಂಗಸರ ಕೆಲಸ. ಸೋಡಾಪುಡಿ ಕದಡಿದ ಕುದಿನೀರು ಹುಯ್ಯಬೇಕು. ಡ್ರಮ್ಮನ್ನು ಮಲಗಿಸಿ ಉರುಳಿಸಬೇಕು. ಆಮೇಲೆ ಸೊಂಟದವರೆಗೂ ಅದರೊಳಗೆ ನುಗ್ಗಿ ತಂತಿ ಬ್ರಷ್ಷಿನಿಂದ ತಿಕ್ಕಬೇಕು. ಒಳಗೆ ಗಾಳಿಯಿಲ್ಲ. ಕಣ್ಣು ಉರಿಯುತ್ತದೆ. ಜಿಡ್ಡುನೀರು ಕತ್ತಿನಿಂದ ಇಳಿದು ರವಿಕೆಯೊಳಗೆ ಹೋಗುತ್ತದೆ. ಬೇರೆಯವರು ಉಸಿರು ಬಿಗಿಹಿಡಿದು ತಿಕ್ಕಿದರೆ ಇವಳು ಒಳಗೆ ತಲೆ ಹಾಕಿಕೊಂಡೇ ಮೇಸ್ತ್ರಿಗೆ ಬೈಯುತ್ತಿದ್ದಳು. ಬೈಗುಳ ಡ್ರಮ್ಮಿನೊಳಗೆ ಗುಡುಗಿ ಇಡೀ ಯಾರ್ಡಿಗೆ ಕೇಳಿಸುತ್ತಿತ್ತು. ಹೆಸರು ಬಂದದ್ದು ಹಾಗೆ. ಅವಳ ಕಿವಿಯ ಹಿಂದೆ, ಕತ್ತಿನ ಸುತ್ತ, ತೋಳಿನ ಮೇಲೆ ಕಪ್ಪು ಮೊಡವೆ ಎದ್ದಿದ್ದವು, ಹೋಗಲೇ ಇಲ್ಲ. "ಈ ವಯಸ್ಸಲ್ಲೂ ಮೊಡವೆ. ನಿನಗೆ ಪ್ರಾಯ ಇನ್ನೂ ಇಳಿದಿಲ್ಲ ಕಣೆ" ಎಂದು ಓಣಿಯ ಹೆಂಗಸರು ಚುಡಾಯಿಸಿದರೆ ಅವಳೂ ನಗುತ್ತಿದ್ದಳು.

ಎಣ್ಣೆಯ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಸಿಟ್ಟೇನು, ಗೌರವ. ಮಂಡಿನೋವಿಗೆ ಹಚ್ಚಿದರೆ ಹಾಯಾಗುತ್ತದೆಂದು ಯಾರೋ ಹೇಳಿದ್ದೇ ತಡ, ಓಣಿಯ ಮನೆಮನೆಯಲ್ಲೂ ಒಂದೊಂದು ಸೀಸೆ ಕೂತಿತು. ಮೇಸ್ತ್ರಿಯ ತಾಯಿ ಸೊಂಟಕ್ಕೂ ಹಚ್ಚುತ್ತಿದ್ದಳು, ಆದ್ದರಿಂದ ಅವಳಿಗೆ ಎರಡು ಸೀಸೆ.

ಇನ್ನು ತೊಟ್ಟಿ. ನಜ್ಜುಗುಜ್ಜಾಗಿ ಮಾರಾಟಕ್ಕೆ ಬಾರದ ಡ್ರಮ್ಮುಗಳನ್ನು ಮಾಲೀಕ ಕೂಲಿಯವರಿಗೆ ಧರ್ಮಕ್ಕೆ ಕೊಡುತ್ತಿದ್ದ. ಅದನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಅಂಚನ್ನು ಸುತ್ತಿಗೆಯಿಂದ ಬಡಿದು ಮಡಚಿದರೆ ಎರಡು ತೊಟ್ಟಿ. ಓಣಿಯಲ್ಲಿ ಯಾವ ಮಗು ಹುಟ್ಟಿದರೂ ಡ್ರಮ್ಮಕ್ಕನ ತೊಟ್ಟಿ ಹೋಗಲೇಬೇಕು. ಮಗುವಿನ ಮೊದಲ ಸ್ನಾನ ಅದರಲ್ಲೇ. ಎಳೆಗೂಸಿನ ಮೈಗೆ ತಾಗುವುದೆಂದು ಅವಳು ಆ ತೊಟ್ಟಿಗಳನ್ನು ಮಾಲೀಕನ ಡ್ರಮ್ಮಿಗಿಂತ ಮೂರು ಪಟ್ಟು ಹೆಚ್ಚು ತಿಕ್ಕುತ್ತಿದ್ದಳು, ಮುಖ ಕಾಣುವ ಹಾಗೆ. ಅವಳಿಗಿದ್ದ ಹೆಮ್ಮೆ ಎಂದರೆ ಅದೊಂದೇ. ತನ್ನ ಮಗಳಿಗೆ ದಿನ ತುಂಬುತ್ತಿತ್ತು, ಅವಳಿಗೂ ಒಂದು ತೊಟ್ಟಿ ತಯಾರಾಗಿತ್ತು.

ಯಾರ್ಡಿನ ಹಿಂದೆ ಒಂದು ಕೆರೆ. ತೊಳೆದ ನೀರೆಲ್ಲ ಅದಕ್ಕೇ ಹೋಗುತ್ತಿತ್ತು. ದಂಡೆಯ ಮರಗಳ ತುಂಬ ಕೊಕ್ಕರೆ. ಕೆಲವು ವರ್ಷಗಳಿಂದ ಅವು ಕಾವಿಗೆ ಕೂತರೆ ಮೊಟ್ಟೆಗಳು ಮರಿಯಾಗುವ ಮೊದಲೇ ಗೂಡಿನಲ್ಲಿ ಒಡೆಯುತ್ತಿದ್ದವು. ಅದನ್ನು ನೋಡಲು ಒಬ್ಬ ಮೇಡಂ ಬಂದಳು. ಓಣಿಯವರು ಅವಳನ್ನು ಹಕ್ಕಿ ಮೇಡಂ ಎಂದರು. ಅವಳ ಜೊತೆಯವರು ಮರ ಹತ್ತಿ ಉಳಿದಿದ್ದ ಮರಿಗಳನ್ನು ಹತ್ತಿಯಲ್ಲಿ ಸುತ್ತಿ ಇಳಿಸಿದರು. ಹಕ್ಕಿ ಮೇಡಂ ಒಂದು ಸಣ್ಣ ಸೂಜಿಯಿಂದ ರೆಕ್ಕೆಯ ಕೆಳಗೆ ಚುಚ್ಚಿ, ಎರಡು ತೊಟ್ಟು ರಕ್ತ ತೆಗೆದು, ಮರಿಗೆ "ಆಯ್ತು ಪುಟ್ಟ, ಆಯ್ತು" ಎಂದು ಸಮಾಧಾನ ಹೇಳಿ ಗೂಡಿಗೆ ಕಳಿಸಿದಳು. ಬೇಲಿಯ ಈಚೆ ನಿಂತು ಡ್ರಮ್ಮಕ್ಕ ನೋಡಿದಳು. ತಾನು ಹೆತ್ತಾಗ ಆಸ್ಪತ್ರೆಯಲ್ಲಿ ತನಗೆ ಯಾರೂ ಪುಟ್ಟ ಎಂದಿರಲಿಲ್ಲವಲ್ಲ ಎಂದುಕೊಂಡಳು, ಅಷ್ಟೆ.

ಆ ಎರಡು ತೊಟ್ಟು ರಕ್ತ ದೊಡ್ಡ ಕೆಲಸ ಮಾಡಿತು. ಪೇಪರಿನಲ್ಲಿ ಬಂತು. ಕೆರೆಯ ದಂಡೆಯಲ್ಲಿ ಬೋರ್ಡು ಎದ್ದಿತು: ಪಕ್ಷಿಗಳಿಗೆ ತೊಂದರೆ ಕೊಡಬಾರದು. ಯಾರ್ಡಿನ ಎಣ್ಣೆ ಎಂದೋ ನಿಷೇಧ ಆಗಿದ್ದ ವಿಷದ ಎಣ್ಣೆ ಎಂದು ಅಧಿಕಾರಿಗಳಿಗೆ ತಿಳಿಯಿತು. ದೂರದ ಯಾವುದೋ ಕುಲುಮೆಯಲ್ಲಿ ಸುಡುವುದಕ್ಕೆ ಅದನ್ನು ಒಯ್ಯಲು ಬಿಳಿ ಅಂಗಿಯವರು ಬಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇವರು ದಿಡ್ಡಿಗೆ ಬಣ್ಣವನ್ನೂ ಹೊಡೆಸಿದರು. ಗೂಡಿನಲ್ಲಿ ಮೊಟ್ಟೆ ಒಡೆದದ್ದು ಸರಕಾರದವರೆಗೆ ಕೇಳಿಸಿತ್ತು. ಓಣಿಯಲ್ಲಿ ಬಸಿರು ಜಾರಿದ್ದು ಪಕ್ಕದ ಬೀದಿಗೂ ಕೇಳಿಸಿರಲಿಲ್ಲ. ಡ್ರಮ್ಮಕ್ಕನ ಮಗಳದ್ದೇ ಒಂದು ಹೋಗಿತ್ತು. ಹಣೆಬರಹ ಎಂದಿದ್ದರು ಎಲ್ಲರೂ. ಡ್ರಮ್ಮಕ್ಕನೂ ಎಂದಿದ್ದಳು.

ಹಾಗೆ ಬಂತು ಫೋಟೊ. ಕೂಲಿಯವರಿಗೂ ರಕ್ಷಣೆ ಇದೆ ಎಂದು ತೋರಿಸಬೇಕಿತ್ತು. ಮೇಸ್ತ್ರಿ ಡ್ರಮ್ಮಕ್ಕನನ್ನು ಕರೆದು ಅಂಗಿ ತೊಡಿಸಿದ. "ಡ್ರಮ್ಮಿನ ಮೇಲೆ ಕೈಯಿಟ್ಟು ನಿಂತ್ಕೊ. ನಗು" ಎಂದ.

"ಮಾಸ್ಕ್ ಒಳಗೆ ನಕ್ಕರೆ ಯಾರಿಗೆ ಕಾಣುತ್ತೆ ಮೇಸ್ತ್ರಿ?"

"ಕಣ್ಣಲ್ಲಿ ನಗು."

ಅವಳು ಕಣ್ಣಲ್ಲಿ ನಕ್ಕಳು. ಪಕ್ಕದಲ್ಲಿ ಬಿಳಿ ಅಂಗಿಯವನೊಬ್ಬ ಖಾಲಿ ಡ್ರಮ್ಮೊಂದನ್ನು ಮೈಗೆ ತಾಗಿಸದೆ, ಸತ್ತ ಇಲಿ ಹಿಡಿದ ಹಾಗೆ ತೋಳುದ್ದ ದೂರ ಹಿಡಿದು ಸರಿಸುತ್ತಿದ್ದ. ಅವಳು ಹಿಂದಿನ ದಿನ ತಾನೇ ತೊಳೆದ ಡ್ರಮ್ಮು. ಅವಳಿಗೆ ಅವಮಾನವಾಯಿತು. ಅಲ್ಲೇ ನಿಂತಿದ್ದ ಹಕ್ಕಿ ಮೇಡಂಗೆ ಕೇಳಿದಳು.

"ಮೇಡಂ, ಅದು ತೊಳೆದ ಡ್ರಮ್ಮು. ನಾನೇ ತೊಳ್ದಿದ್ದು. ಅದಕ್ಕೂ ಅಷ್ಟೊಂದು ಹೇಸಿಗೆ ಯಾಕೆ?"

"ಇದು ತೊಳೆದ್ರೆ ಹೋಗಲ್ಲಮ್ಮ."

"ಸೋಡಾ ಹಾಕಿದೀನಿ. ಕುದಿಯೋ ನೀರು ಹಾಕಿದೀನಿ."

"ಏನು ಹಾಕಿದ್ರೂ ಅಷ್ಟೆ. ತುಕ್ಕಲ್ಲಿ, ಸಂದಿಲಿ ಕೂತಿರುತ್ತೆ. ಮಣ್ಣಿಗೆ ಹೋದ್ರೆ ಮಣ್ಣಲ್ಲಿ ಇರುತ್ತೆ, ಮೀನಿಗೆ ಹೋದ್ರೆ ಮೀನಲ್ಲಿ. ಮೀನು ತಿಂದ ಹಕ್ಕಿಲಿ ಇನ್ನೂ ಜಾಸ್ತಿ. ಮನುಷ್ಯರ ಮೈಗೆ ಹೋದ್ರೆ ಕೊಬ್ಬಲ್ಲಿ ಸೇರ್ಕೊಂಡು ವರ್ಷಗಟ್ಟಲೆ ಉಳಿಯುತ್ತೆ. ಬಸುರಿಯಾದ್ರೆ ಹೊಟ್ಟೇಲಿರೋ ಮಗುಗೂ ಹೋಗುತ್ತೆ."

"ಮಗುನ ಇಂಥ ಡ್ರಮ್ಮಲ್ಲಿ ಮೀಯಿಸಿದ್ರೆ?"

ಹಕ್ಕಿ ಮೇಡಂ ಮಾಸ್ಕು ಕೆಳಗಿಳಿಸಿ ಅವಳ ಮುಖ ನೋಡಿದಳು. "ಯಾರು ಮೀಯಿಸ್ತಾರೆ?" ಎಂದಳು.

ಅಷ್ಟರಲ್ಲಿ ಫೋಟೊದವನು ಆಯ್ತು ಎಂದ. ಮೇಸ್ತ್ರಿ ಕೈ ಚಾಚಿದ.

"ಬಿಚ್ಚಿ ಕೊಡು. ಇನ್ನೊಂದು ರಾಶಿ ಡ್ರಮ್ಮಿದೆ, ಹೋಗಿ ತೊಳಿ."

"ಇದನ್ನ ಹಾಕ್ಕೊಂಡೇ ತೊಳೀತೀನಿ."

"ಹರಿದುಹೋಗುತ್ತೆ. ಬಾಡಿಗೇದು ಅದು. ಸಂಜೆಗೆ ವಾಪಸ್ ಕೊಡಬೇಕು."

"ನಾನು ಯಾರ ಬಾಡಿಗೇದು?"

ಮಾಲೀಕ ಬಂದ. ಮೆತ್ತಗಿನ ಮನುಷ್ಯ, ಬೈಯುವಾಗಲೂ ನೀವು ಎನ್ನುವವನು. "ಏನಮ್ಮ, ಫೋಟೊಗೆ ಅಂತ ಹಾಕಿದ್ದು, ಫೋಟೊ ಆಯ್ತು. ಬಿಚ್ಚಿಬಿಡಿ" ಎಂದ.

"ಸಾಹೇಬ್ರೆ, ಇಲ್ಲಿ ವಿಷ ಇಲ್ಲ ಅಂದ್ರೆ ಇದನ್ನ ಯಾಕೆ ಹಾಕಿದ್ರಿ? ವಿಷ ಇದೆ ಅಂದ್ರೆ ಯಾಕೆ ಬಿಚ್ಚಿಸ್ತೀರಿ? ಎರಡರಲ್ಲಿ ಒಂದು ಹೇಳಿ. ಈಗಲೇ ಬಿಚ್ತೀನಿ."

ಮಾಲೀಕ ಬಿಳಿ ಅಂಗಿಯವರ ಕಡೆ ನೋಡಿದ. ಬಿಳಿ ಅಂಗಿಯವರು ಡ್ರಮ್ಮಿನ ಕಡೆ ನೋಡಿದರು. ಡ್ರಮ್ಮು ಮಾತಾಡಲಿಲ್ಲ. ಹೆಂಗಸಿನ ಮೈಮೇಲಿನ ಜಿಪ್ಪಿಗೆ ಕೈ ಹಾಕುವ ಧೈರ್ಯ ಅಷ್ಟು ಜನರ ಮುಂದೆ ಯಾರಿಗೂ ಬರಲಿಲ್ಲ. ಡ್ರಮ್ಮಕ್ಕ ಹಾಗೇ ಗೇಟು ದಾಟಿ ಹೊರಟಳು.

ಓಣಿಯಲ್ಲಿ ನಗು ಎದ್ದಿತು. "ಚಂದ್ರಲೋಕದಿಂದ ಯಾವಾಗ ಇಳಿದೆ?" ಎಂದರು. "ಸೊಳ್ಳೆಗೆ ಹೆದರಿದ್ಯೇನೆ?" ಎಂದರು. ಅವಳು ನಿಲ್ಲದೆ ಮನೆಗೆ ಬಂದಳು. ಒಂದೇ ಕೋಣೆಯ ಮನೆ. ಮಗಳು ಗೋಡೆಗೆ ಬೆನ್ನು ಕೊಟ್ಟು ಕೂತು, ಹಳೇ ಸೀರೆ ಹರಿದು ಮಗುವಿಗೆ ಬಟ್ಟೆ ಮಾಡಿ ಮಡಚುತ್ತಿದ್ದಳು. ಮಡಚಿದ್ದನ್ನೆಲ್ಲ ಹೊಸ ತೊಟ್ಟಿಯೊಳಗೆ ಜೋಡಿಸಿದ್ದಳು. ಒಂದು ಕೈ ತೊಟ್ಟಿಯ ಅಂಚಿನ ಮೇಲಿತ್ತು.

"ಕೈ ತೆಗಿ."

"ಏನಮ್ಮ ಇದು ವೇಷ?"

"ಕೈ ತೆಗಿ ಅಂದೆ. ಮುಟ್ಟಬೇಡ ಅದನ್ನ. ಬಟ್ಟೆನೂ ಬೇಡ, ಎಲ್ಲ ಬಿಸಾಕು."

ಮಗಳಿಗೆ ಹೇಳಿದಳು, ಕೇಳಿದ್ದನ್ನು ಕೇಳಿದ ಹಾಗೆಯೇ. ಮಗಳು ಅಂಚಿನಿಂದ ಕೈ ತೆಗೆದಳು. ಆಮೇಲೆ ಕೇಳಿದಳು, "ನನ್ನನ್ನೂ ಇಂಥದರಲ್ಲೇ ಅಲ್ವಾ ಅಮ್ಮ ನೀನು ಮೀಯಿಸಿದ್ದು?"

"ಹೂಂ."

"ಆ ಮಗು ಹೋಗಿದ್ದು ಇದಕ್ಕೇನಾ?"

"ಗೊತ್ತಿಲ್ಲ ಕಣೆ. ನನಗೆ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೆ ಯಾರೂ ಬರಲೂ ಇಲ್ಲ. ಕೊಕ್ಕರೆ ಹತ್ರ ಬಂದ್ರು, ನಮ್ಮ ಹತ್ರ ಬರಲಿಲ್ಲ."

ಡ್ರಮ್ಮಕ್ಕನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಆ ತೊಟ್ಟಿಗಳನ್ನು ಓಣಿಯ ಮನೆಮನೆಗೆ ತಾನೇ ತಲೆಯ ಮೇಲೆ ಹೊತ್ತು ಕೊಟ್ಟಿದ್ದಳು. ಯಾರೂ ಕೇಳುವ ಮೊದಲೇ ಕೊಟ್ಟಿದ್ದಳು. ಬೇಡ ಎಂದವರಿಗೆ ಮುನಿಸಿಕೊಂಡು ಕೊಟ್ಟಿದ್ದಳು. ಹಣೆಬರಹ ಬರೆದವನ ಕೈಯಲ್ಲಿ ಗ್ಲೌಸು ಇತ್ತೋ ಇಲ್ಲವೋ, ತನ್ನ ಕೈಯಲ್ಲಂತೂ ಇರಲಿಲ್ಲ.

ಈಗ ಗ್ಲೌಸಿತ್ತು. ಮರುದಿನ ಬೆಳಿಗ್ಗೆ ಅದನ್ನು ತೊಟ್ಟು ತಳ್ಳುಗಾಡಿ ತಗೊಂಡು ಹೊರಟಳು. ಒಂದೊಂದು ಬಾಗಿಲಲ್ಲೂ ನಿಂತು ಹೇಳಿದಳು, "ನಾನು ಕೊಟ್ಟ ತೊಟ್ಟಿ ವಾಪಸ್ ಕೊಡು." ಒಬ್ಬಳು ಜಗಳಕ್ಕೆ ಬಂದಳು, ಕೊಟ್ಟ ಮೇಲೆ ಕಿತ್ತುಕೊಳ್ಳುವುದು ಯಾವ ಸೀಮೆಯ ನ್ಯಾಯ ಎಂದು. ಒಬ್ಬಳು ಅದರಲ್ಲಿ ಅಕ್ಕಿ ತುಂಬಿಟ್ಟಿದ್ದಳು. ವಿಷಯ ತಿಳಿದ ಮೇಲೆ ಅಕ್ಕಿಯನ್ನು ನೋಡುತ್ತಾ ಕೂತುಬಿಟ್ಟಳು. ಎರಡು ಬಸಿರು ಕಳೆದುಕೊಂಡವಳೊಬ್ಬಳು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗಾಡಿ ತಳ್ಳಲು ಬಂದಳು. ಅವಳನ್ನು ನೋಡಿ ಇನ್ನೊಬ್ಬಳು ಚೀಲ ಕಟ್ಟಿಕೊಂಡಳು. ಆಮೇಲೆ ಓಣಿಯಲ್ಲಿ ಚೀಲಗಳೇ ಸಾಲದೆ ಹೋದವು.

ಸಂಜೆ ಮೇಸ್ತ್ರಿ ಬಂದ, ಅಂಗಿ ಕೇಳುವುದಕ್ಕೆ. ಬಾಗಿಲಲ್ಲಿ ನಿಂತು ಜೋರು ದನಿಯಲ್ಲಿ, "ಉಳಿದ ಅಂಗಿಗಳೆಲ್ಲ ವಾಪಸ್ ಹೋದ್ವು. ಇದೊಂದು ಬಾಕಿ. ನಾಳಿದ್ದು ಕಾರ್ಯಕ್ರಮ, ವಿಷಮುಕ್ತ ಅಂತ ಸರ್ಟಿಫಿಕೇಟ್ ಕೊಡ್ತಾರೆ. ನೀನು ಸುಮ್ನೆ ರಗಳೆ ಮಾಡಿದ್ರೆ ಯಾರ್ಡ್ ಒಳಗೆ ಕಾಲಿಡೋಕೆ ಬಿಡಲ್ಲ" ಎಂದ. ಆಮೇಲೆ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, "ಅಕ್ಕ, ಮಂಡಿಗೆ ಹಚ್ಚಿದ್ರೆ ಏನೂ ಆಗಲ್ಲ ಅಲ್ವಾ?" ಎಂದ.

"ನಿಮ್ಮಮ್ಮನಿಗೆ ಹಚ್ಚೋದು ನಿಲ್ಸಿ ಮೇಸ್ತ್ರಿ."

"ತೊಟ್ಟಿ? ಮೊಮ್ಮಗು ಅದರಲ್ಲೇ ಆಡುತ್ತೆ."

"ಗಾಡಿ ಹೊರಗೇ ನಿಂತಿದೆ."

ಮೇಸ್ತ್ರಿ ಗಾಡಿಯ ಕಡೆ ನೋಡಲಿಲ್ಲ. ಅಂಗಿಯ ಮಾತನ್ನೂ ಮರೆತು ಹೊರಟುಹೋದ.

ಕಾರ್ಯಕ್ರಮದ ದಿನ ಯಾರ್ಡಿನ ಗುರುತೇ ಸಿಗಲಿಲ್ಲ. ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಹಸಿರು ಕಾರ್ಪೆಟ್ಟು. ಪೆಂಡಾಲು. ಕುರ್ಚಿ. ವೇದಿಕೆಯ ಹಿಂದೆ ಆಳುದ್ದದ ಬ್ಯಾನರು: ವಿಷಮುಕ್ತ ಅಂಗಳ, ಕಾರ್ಮಿಕರ ರಕ್ಷಣೆಯೇ ನಮ್ಮ ಹೆಮ್ಮೆ. ಅದರ ತುಂಬ ಡ್ರಮ್ಮಕ್ಕನ ಫೋಟೊ. ಮಾಸ್ಕಿದ್ದ ಕಾರಣ ಅವಳದೆಂದು ಯಾರಿಗೂ ತಿಳಿಯುವ ಹಾಗಿರಲಿಲ್ಲ. ಕಣ್ಣು ಮಾತ್ರ ನಗುತ್ತಿತ್ತು.

ಗೇಟಿನ ಕಾವಲುಗಾರನಿಗೆ ಒಂದೇ ಅಪ್ಪಣೆ: ಓಣಿಯವರನ್ನು ಬಿಡಬೇಡ. ಅವನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಬಂದದ್ದು ಬಿಳಿ ಅಂಗಿ. ಅವನು ಎದ್ದು ಸಲಾಮು ಹೊಡೆದ. ಬಿಳಿ ಅಂಗಿಯ ಹಿಂದೆ ತಳ್ಳುಗಾಡಿಗಳು, ಕೈಗೆ ಚೀಲ ಕಟ್ಟಿಕೊಂಡ ಹೆಂಗಸರು. ಅಧಿಕಾರಿಯ ಜೊತೆ ಬಂದವರು ಇರಬೇಕೆಂದು ಅವನೇ ಗೇಟನ್ನು ಪೂರ್ತಿ ತೆಗೆದ. ಪ್ರತಿದಿನ ಅವಳ ಊಟದ ಡಬ್ಬಿ ಬಿಚ್ಚಿಸಿ ತಾಮ್ರ ಕದ್ದಿದ್ದಾಳೇನೋ ಎಂದು ನೋಡುತ್ತಿದ್ದವನು ಅವನೇ.

ಕೊನೆಯ ಗಾಡಿ ಒಳಗೆ ಬಂದ ಮೇಲೆ ಹೆಂಗಸರು ತೊಟ್ಟಿಗಳನ್ನು ಗೇಟಿಗೆ ಅಡ್ಡಲಾಗಿ ಒಂದರ ಮೇಲೊಂದು ಪೇರಿಸಿದರು. ಆಳೆತ್ತರ ಗೋಡೆ. ವೇದಿಕೆಯಲ್ಲಿ ಮುಖ್ಯ ಅತಿಥಿ ಭಾಷಣದ ನಡುವೆ ಇದ್ದ. ಭೂಮಿ, ಮುಂದಿನ ಪೀಳಿಗೆ, ಕೊಕ್ಕರೆಗಳ ನಲಿವು ಎಲ್ಲ ಬಂದು ಹೋಗಿದ್ದವು. ಕಬ್ಬಿಣದ ಸದ್ದಿಗೆ ಮಾತು ನಿಂತಿತು.

ಡ್ರಮ್ಮಕ್ಕ ಒಂದು ತೊಟ್ಟಿಯನ್ನು ಎತ್ತಿ ತಂದು ಮುಖ್ಯ ಅತಿಥಿಯ ಕಾಲಬುಡದಲ್ಲಿಟ್ಟಳು. ಮಗಳಿಗೆಂದು ತಿಕ್ಕಿದ್ದು. ಮುಖ ಕಾಣುತ್ತಿತ್ತು.

"ಸರ್, ಇದು ಈ ಯಾರ್ಡಿನ ಡ್ರಮ್ಮು. ನಮ್ಮ ಮಕ್ಕಳನ್ನ ಮೀಯಿಸೋ ತೊಟ್ಟಿ. ಚೆನ್ನಾಗಿ ತೊಳ್ದಿದೀನಿ. ವಿಷ ಇಲ್ಲ ಅಂದ್ರಲ್ಲ, ಒಂದ್ಸಲ ಮುಟ್ಟಿ."

ಮುಖ್ಯ ಅತಿಥಿ ತೊಟ್ಟಿಯಲ್ಲಿ ತನ್ನ ಮುಖ ನೋಡಿದ. ಕೈಯೆರಡೂ ತಾವಾಗಿಯೇ ಜೇಬಿಗೆ ಹೋದವು.

"ಇದು... ಇದು ಯಾರ್ಡಿನ ಒಳಗೆ ಇರಲಿಲ್ಲವಲ್ಲ. ನಮ್ಮ ವ್ಯಾಪ್ತಿ ಯಾರ್ಡಿನ ಕಾಂಪೌಂಡು" ಎಂದ.

"ಕಾಂಪೌಂಡ್ ಎಲ್ಲಿಗೆ ಮುಗಿಯುತ್ತೆ ಅಂತ ಎಣ್ಣೆಗೆ ಗೊತ್ತಾಗ್ಲಿಲ್ಲ ಸರ್. ಓದಿಲ್ಲ ಪಾಪ, ನಮ್ಮ ಥರಾನೇ."

ಮಾಲೀಕ ಬೆವೆತ. "ಏನು ಬೇಕು ನಿಮಗೆ? ಆಮೇಲೆ ಮಾತಾಡೋಣ. ಸಾಹೇಬರ ಕಾರು ಹೋಗಬೇಕು, ಮೊದಲು ಅದನ್ನ ಸರಿಸಿ" ಎಂದ.

"ಸೂಜಿ ಬೇಕು."

"ಏನು?"

"ಕೊಕ್ಕರೆಗೆ ಚುಚ್ಚಿದ್ರಲ್ಲ, ಆ ಸೂಜಿ. ನಮಗೂ ಚುಚ್ಚಿ. ರಕ್ತದಲ್ಲಿ ಏನಿದೆ ನೋಡಿ ಹೇಳಿ. ಹೇಳಿದ್ದಕ್ಕೆ ಔಷಧಿ ಏನು, ಹೊಟ್ಟೇಲಿರೋ ಮಗುಗೆ ಏನು ಮಾಡ್ಬೇಕು, ಅದನ್ನೂ ಹೇಳಿ. ಡಾಕ್ಟರು ಬರಲಿ. ಅಲ್ಲೀವರೆಗೂ ಈ ತೊಟ್ಟಿಗಳು ಕದಲಲ್ಲ."

ಮಾಲೀಕ ತನ್ನ ಆಳುಗಳಿಗೆ ಸನ್ನೆ ಮಾಡಿದ. ಆಳುಗಳು ಗೋಡೆಯ ಹತ್ತಿರ ಹೋದರು, ತಮ್ಮ ಬರಿಗೈ ನೋಡಿಕೊಂಡು ನಿಂತರು. ಅವರೂ ಓಣಿಯವರೇ. ಕಾವಲುಗಾರ ಬೆನ್ನು ತಿರುಗಿಸಿದ. ಕಾರಿನ ಡ್ರೈವರು ಇದು ನನ್ನ ಕೆಲಸವಲ್ಲ ಎಂದ. ವಿಷಮುಕ್ತ ಅಂಗಳದಲ್ಲಿ ಒಂದು ತೊಟ್ಟಿ ಎತ್ತುವ ಗಂಡು ಸಿಗಲಿಲ್ಲ. ಬಿಳಿ ಅಂಗಿಗಳೆಲ್ಲ ಬಾಡಿಗೆ ಅಂಗಡಿಗೆ ಹೋಗಿಯಾಗಿತ್ತು, ಒಂದನ್ನು ಬಿಟ್ಟು.

ಆ ಒಂದರ ಜಿಪ್ಪನ್ನು ಡ್ರಮ್ಮಕ್ಕ ಎಲ್ಲರ ಮುಂದೆ ಎಳೆದಳು. ಮುಸುಕು ತೆಗೆದಳು, ಗ್ಲೌಸು ಕಳಚಿದಳು, ಕಾಲು ಒಂದೊಂದಾಗಿ ಬಿಡಿಸಿಕೊಂಡಳು. ಒಳಗೆ ಅದೇ ಹಳೇ ಸೀರೆ, ಅದೇ ಮೊಡವೆಯ ಕತ್ತು. ಅಂಗಿಯನ್ನು ಮಡಚಿ ಮಾಲೀಕನ ಕೈಗಿಟ್ಟಳು.

"ತಗೊಳ್ಳಿ ಸಾಹೇಬ್ರೆ, ನಿಮ್ಮ ಅಂಗಿ. ಹರಿದಿಲ್ಲ. ಕಾರಿಗೆ ದಾರಿ ಬೇಕಿದ್ರೆ ಇದನ್ನ ಹಾಕ್ಕೊಂಡು ನೀವೇ ಎತ್ತಿ. ಫೋಟೊದೋರು ಇಲ್ಲೇ ಇದಾರೆ."

ಫೋಟೊದವರು ಕ್ಯಾಮೆರಾ ಎತ್ತಿದರು. ಮಾಲೀಕ ಅಂಗಿ ಹಿಡಿದು ನಿಂತ. ಹಾಕಿಕೊಂಡರೆ ವಿಷ ಇದೆ ಎಂದಂತೆ. ಹಾಕಿಕೊಳ್ಳದಿದ್ದರೆ ಬರಿಗೈಯಲ್ಲಿ ಎತ್ತಬೇಕು. ವೇದಿಕೆಯ ಮೂಲೆಯ ಕುರ್ಚಿಯಿಂದ ಹಕ್ಕಿ ಮೇಡಂ ಎದ್ದು ಫೋನು ಕಿವಿಗಿಟ್ಟುಕೊಂಡು ಮೈಕಿನ ಪಕ್ಕದಲ್ಲೇ ಹಾದು ಹೋದಳು. "ಆಸ್ಪತ್ರೇನಾ?" ಎಂದು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮುಖ್ಯ ಅತಿಥಿಯೂ ಫೋನು ತೆಗೆದ. ಅವನಿಗೆ ಊಟದ ಹೊತ್ತಾಗಿತ್ತು.

ಡ್ರಮ್ಮಕ್ಕ ಹಸಿರು ಕಾರ್ಪೆಟ್ಟಿನ ಮೇಲೆ ಹೋಗಿ ನಿಂತು ರವಿಕೆಯ ತೋಳು ಮೇಲಕ್ಕೆ ಸರಿಸಿದಳು. ಹಿಂದೆ ಮಗಳು ಹೊಟ್ಟೆ ಹಿಡಿದುಕೊಂಡು ನಿಂತಳು. ಅವಳ ಹಿಂದೆ ಎರಡು ಬಸಿರು ಕಳೆದುಕೊಂಡವಳು, ಅಕ್ಕಿ ತುಂಬಿಟ್ಟಿದ್ದವಳು, ಜಗಳಕ್ಕೆ ಬಂದಿದ್ದವಳು. ಸಾಲು ಪೆಂಡಾಲಿನಿಂದ ಗೇಟಿನವರೆಗೂ ಬೆಳೆಯಿತು.

ಗೇಟಿನ ಹತ್ತಿರ ಮತ್ತೆ ಕಬ್ಬಿಣದ ಸದ್ದಾಯಿತು. ಮೇಸ್ತ್ರಿ ಗೋಡೆಯ ಪಕ್ಕದ ಸಂದಿಯಲ್ಲಿ ಒಳಗೆ ನುಸುಳಿ, ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ತನ್ನ ಮನೆಯ ತೊಟ್ಟಿಯನ್ನು ಗೋಡೆಯ ತುದಿಗಿಟ್ಟ. ಮಾಲೀಕನ ಕಡೆ ನೋಡದೆ ಬಂದು, ಸಾಲಿನ ಕೊನೆಗೆ ನಿಲ್ಲದೆ, ಡ್ರಮ್ಮಕ್ಕನ ಹತ್ತಿರ ಬಗ್ಗಿ ಪಿಸುಗುಟ್ಟಿದ.

"ಅಕ್ಕ, ಸೂಜಿ ತುಂಬ ನೋಯುತ್ತಾ?"

"ಕೊಕ್ಕರೆ ಮರಿ ತಡ್ಕೊಂಡಿತ್ತು ಮೇಸ್ತ್ರಿ. ನೀವೂ ತಡ್ಕೊಳ್ಳಿ. ಹೋಗಿ, ಸಾಲಲ್ಲಿ ನಿಲ್ಲಿ."

ಮೇಸ್ತ್ರಿ ಹೋಗಿ ಕೊನೆಯಲ್ಲಿ ನಿಂತು, ಶರಟಿನ ತೋಳು ಮಡಚತೊಡಗಿದ.